ಓವರ್‌ಕ್ಲಾಕಿಂಗ್ ಎಂಬ ರೂಢಿಯ ಏಳುಬೀಳು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಗೆ ಯಂತ್ರವನ್ನು ಅದರ ಅಳತೆ ಮೀರಿ ದುಡಿಸುವ ಅಭ್ಯಾಸ ಹೊಸದೇನಲ್ಲ. ತ್ರೀ ಫೇಸ್ ಕರೆಂಟು ಹೋದ ಮೇಲೂ ಕಂಡೆನ್ಸರ್ ಹಾಕಿ ಮೋಟರ್ ಓಡಿಸಿ ವೈಂಡಿಂಗ್ ಸುಟ್ಟುಕೊಂಡವರು ಇಲ್ಲಿದ್ದಾರೆ. ನೀರು ಕಡಿಮೆಯಾಯಿತೆಂದು ಐದು ಎಚ್‌ಪಿ ಮೋಟರ್ ಎತ್ತಿ ಏಳೂವರೆ ಎಚ್‌ಪಿ ಇಳಿಸಿದವರೂ ಇದ್ದಾರೆ. ನೀರು ಆಳಕ್ಕೆ ಇಳಿದಿದ್ದರೆ ದೊಡ್ಡ ಮೋಟರಿನಿಂದ ಉಪಯೋಗವಾಗುತ್ತದೆ. ಸೆಲೆಯೇ ಸಣ್ಣದಾಗಿದ್ದರೆ ಸ್ವಲ್ಪ ಹೊತ್ತು ಜೋರಾಗಿ ಬಂದು ಆಮೇಲೆ ಪೈಪಿನಲ್ಲಿ ಗಾಳಿ ಬರುತ್ತದೆ. ಪ್ರೊಸೆಸರನ್ನು ಕಂಪನಿ ಹೇಳಿದ ವೇಗಕ್ಕಿಂತ ಜೋರಾಗಿ ಓಡಿಸಿದರೆ, ಅಂದರೆ ಓವರ್‌ಕ್ಲಾಕ್ ಮಾಡಿದರೆ, ಗೇಮ್ ಚೆನ್ನಾಗಿ ಓಡುತ್ತದೆಯೇ ಎಂದು ಈ ಊರುಗಳ ಹುಡುಗರು ಕೇಳುವ ಪ್ರಶ್ನೆಗೂ ಉತ್ತರ ಸಿಗುವುದು ಕೊರತೆ ಎಲ್ಲಿದೆ ಎಂದು ನೋಡಿದಾಗಲೇ. ಆ ಕೊರತೆ ನಲವತ್ತು ವರ್ಷಗಳಲ್ಲಿ ಹಲವು ಸಲ ಜಾಗ ಬದಲಿಸಿದೆ. ಅದರ ಜೊತೆಗೇ ಓವರ್‌ಕ್ಲಾಕಿಂಗ್‌ನ ಬೆಲೆಯೂ ಏರಿ ಇಳಿದಿದೆ.

ಪ್ರೊಸೆಸರಿನ ಒಳಗಿನ ಕೆಲಸವೆಲ್ಲ ಒಂದು ಗಡಿಯಾರದ ಮಿಡಿತಕ್ಕೆ ಹೊಂದಿಕೊಂಡು ನಡೆಯುತ್ತದೆ. 1984ರಲ್ಲಿ ಐಬಿಎಂ ತಂದ ಪಿಸಿ ಎಟಿ ಯಂತ್ರದಲ್ಲಿ ಈ ಮಿಡಿತ ಸೆಕೆಂಡಿಗೆ 60 ಲಕ್ಷ, ಅಂದರೆ 6 ಮೆಗಾಹರ್ಟ್ಸ್. ಮಿಡಿತ ಕೊಡುವ ಸಣ್ಣ ಹರಳನ್ನು ಕಿತ್ತು ಇನ್ನೊಂದನ್ನು ಕೂರಿಸಿದರೆ ಅದೇ ಯಂತ್ರ ಇನ್ನೂ ಜೋರಾಗಿ ಓಡುತ್ತದೆಂದು ಜನ ಬೇಗ ಕಂಡುಕೊಂಡರು. ಐಬಿಎಂ ಮುಂದಿನ ಮಾದರಿಗಳಲ್ಲಿ ವೇಗವನ್ನು ಪರೀಕ್ಷಿಸುವ ತಡೆಯನ್ನೇ ಇಟ್ಟಿತು. ಹೀಗೆ ಹೆಚ್ಚು ವೇಗದಲ್ಲಿ ಓಡಿಸಲು ಸಾಧ್ಯವಾದದ್ದಕ್ಕೆ ಕಾರಣ ಕಾರ್ಖಾನೆಯಲ್ಲೇ ಇತ್ತು. ಒಂದೇ ಸಿಲಿಕಾನ್ ಬಿಲ್ಲೆಯಿಂದ ಕತ್ತರಿಸಿದ ಚಿಪ್‌ಗಳನ್ನು ಪರೀಕ್ಷಿಸಿ ಬೇರೆ ಬೇರೆ ವೇಗದ ಹೆಸರಿನಲ್ಲಿ ಮಾರುತ್ತಿದ್ದರು. ಅಗ್ಗದ ಚಿಪ್‌ಗೆ ಬೇಡಿಕೆ ಹೆಚ್ಚಿದಾಗ ಹೆಚ್ಚು ಓಡಬಲ್ಲ ಚಿಪ್ಪೂ ಕಡಿಮೆ ವೇಗದ ಗುರುತು ಹೊತ್ತು ಅಂಗಡಿಗೆ ಬರುತ್ತಿತ್ತು. ತೊಂಬತ್ತರ ದಶಕದಲ್ಲಿ ಕೆಲವು ವ್ಯಾಪಾರಿಗಳು ಆ ಗುರುತನ್ನು ಅಳಿಸಿ ಹೆಚ್ಚಿನ ವೇಗ ಬರೆದು ಮೋಸದಿಂದ ಮಾರಿದ್ದರಿಂದ ಇಂಟೆಲ್ ಗುಣಕಕ್ಕೆ, ಅಂದರೆ ಮದರ್‌ಬೋರ್ಡಿನ ಮಿಡಿತವನ್ನು ಎಷ್ಟು ಪಟ್ಟು ಮಾಡಬೇಕೆಂಬ ಸಂಖ್ಯೆಗೆ, ಬೀಗ ಹಾಕಿತು.

ಬೀಗ ಹಾಕಿದ ಮೇಲೆಯೇ ಈ ರೂಢಿಯ ಸುವರ್ಣಕಾಲ ಬಂತು. 1998ರ ಏಪ್ರಿಲ್‌ನಲ್ಲಿ ಬಂದ ಇಂಟೆಲ್‌ನ ಅಗ್ಗದ ಪ್ರೊಸೆಸರ್ ಸೆಲೆರಾನ್‌ನ ಮೊದಲ ಮಾದರಿಗೆ, ಬೇಕಾದ ಮಾಹಿತಿಯನ್ನು ಹತ್ತಿರವೇ ಇಟ್ಟುಕೊಳ್ಳುವ ಎರಡನೇ ಹಂತದ ಕ್ಯಾಶ್ ಮೆಮೊರಿಯೇ ಇರಲಿಲ್ಲ. ಗೇಮ್ ಆಡುವವರು ಅದನ್ನು ಒಪ್ಪಲಿಲ್ಲ. ಆಗಸ್ಟ್‌ನಲ್ಲಿ ಬಂದ ಸೆಲೆರಾನ್ 300ಎ ಒಳಗೆ ಪ್ರೊಸೆಸರಿನ ವೇಗದಲ್ಲೇ ಓಡುವ 128 ಕೆಬಿ ಕ್ಯಾಶ್ ಇತ್ತು. ಅದರ ಗುಣಕ ನಾಲ್ಕೂವರೆ, ಮದರ್‌ಬೋರ್ಡಿನ ಮಿಡಿತ, ಅಂದರೆ ಬಸ್, 66 ಮೆಗಾಹರ್ಟ್ಸ್, ಎರಡನ್ನೂ ಗುಣಿಸಿದರೆ ಸುಮಾರು 300. ಗುಣಕಕ್ಕೆ ಬೀಗವಿತ್ತು, ಬಸ್ಸಿಗೆ ಇರಲಿಲ್ಲ. ಬಸ್ಸನ್ನು 100ಕ್ಕೆ ಏರಿಸಿದರೆ ಬಹಳಷ್ಟು ಚಿಪ್‌ಗಳು 450 ಮೆಗಾಹರ್ಟ್ಸ್‌ನಲ್ಲಿ ತಕರಾರಿಲ್ಲದೆ ಓಡುತ್ತಿದ್ದವು. ಅದೇ ತಿಂಗಳು ಬಂದ 450 ಮೆಗಾಹರ್ಟ್ಸ್‌ನ ಪೆಂಟಿಯಂ 2ರ ಬೆಲೆ ಇದರ ನಾಲ್ಕು ಪಟ್ಟಿಗೂ ಮಿಗಿಲು. ಆ ಲಾಭ ಪರದೆಯ ಮೇಲೆ ಕಣ್ಣಿಗೇ ಕಾಣುತ್ತಿತ್ತು, ಯಾಕೆಂದರೆ ಅಂದಿನ ಗ್ರಾಫಿಕ್ಸ್ ಕಾರ್ಡುಗಳು ಬಣ್ಣ ತುಂಬುತ್ತಿದ್ದವು ಅಷ್ಟೆ. ಆಟಗಾರ ತಿರುಗಿದಾಗ ಗೋಡೆ, ಕಂಬ, ಶತ್ರು ಎಲ್ಲದರ ತ್ರಿಕೋನಗಳು ಎಲ್ಲಿಗೆ ಸರಿಯಬೇಕೆಂಬ ಲೆಕ್ಕ ಪ್ರೊಸೆಸರಿನದೇ ಆಗಿತ್ತು. ಅದು ಜೋರಾದರೆ ಸೆಕೆಂಡಿಗೆ ಮೂಡುವ ಚಿತ್ರಗಳೂ ಹೆಚ್ಚುತ್ತಿದ್ದವು. ಓವರ್‌ಕ್ಲಾಕಿಂಗ್ ಬಡವರ ಉಪಾಯ ಎಂಬ ಮಾತು ಆ ವರ್ಷಕ್ಕೆ ಅಕ್ಷರಶಃ ನಿಜ. ನನಗಂತೂ ಆ ಜಾಣತನದ ಬಗ್ಗೆ ಗೌರವವಿದೆ.

ಮರುವರ್ಷವೇ ಲೆಕ್ಕ ತಲೆಕೆಳಗಾಗತೊಡಗಿತು. 1999ರ ಕೊನೆಗೆ ಬಂದ ಎನ್‌ವಿಡಿಯಾದ ಜಿಫೋರ್ಸ್ 256 ತ್ರಿಕೋನಗಳ ಲೆಕ್ಕವನ್ನು ಕಾರ್ಡಿಗೇ ವಹಿಸಿತು. ಗೇಮ್‌ಗಳು ಒಂದೊಂದಾಗಿ ಆ ದಾರಿ ಹಿಡಿದಂತೆ ಕೊರತೆಯ ಜಾಗ ಪ್ರೊಸೆಸರಿನಿಂದ ಕಾರ್ಡಿನ ಕಡೆಗೆ ಸರಿಯಿತು. ರೂಢಿ ಮಾತ್ರ ನಿಲ್ಲಲಿಲ್ಲ. 2000ದ ಸುಮಾರಿಗೆ ಎಎಂಡಿಯ ಅಥ್ಲಾನ್, ಡ್ಯುರಾನ್ ಚಿಪ್‌ಗಳ ಮೇಲಿದ್ದ ತುಂಡಾದ ಗೆರೆಗಳನ್ನು ಪೆನ್ಸಿಲ್ಲಿನ ಸೀಸದಿಂದ ತಿದ್ದಿ ಜೋಡಿಸಿ ಗುಣಕದ ಬೀಗ ತೆಗೆಯುತ್ತಿದ್ದರು. ಅದಕ್ಕೆ ಅಡ್ಡ ಬಂದದ್ದು ಶಾಖ. ಚಿಪ್ ತಿಂದು ಶಾಖವಾಗಿಸುವ ವಿದ್ಯುತ್ತು ವೇಗದಷ್ಟೇ ಏರಿ ನಿಲ್ಲುವುದಿಲ್ಲ, ಅದರ ಜೊತೆಗೆ ವೋಲ್ಟೇಜಿನ ವರ್ಗದಷ್ಟೂ ಏರುತ್ತದೆ. ವೇಗ ಶೇ. 10, ಅದಕ್ಕಾಗಿ ವೋಲ್ಟೇಜೂ ಶೇ. 10 ಏರಿಸಿದರೆ ವಿದ್ಯುತ್ತು ಸುಮಾರು ಶೇ. 33 ಹೆಚ್ಚುತ್ತದೆ. ಇದೇ ಕಾರಣಕ್ಕೆ 2004ರಲ್ಲಿ ಇಂಟೆಲ್ 4 ಗಿಗಾಹರ್ಟ್ಸ್ ಪೆಂಟಿಯಂ 4ರ ಯೋಜನೆಯನ್ನೇ ಕೈಬಿಟ್ಟು, ವೇಗದ ಬದಲು ಒಂದೇ ಚಿಪ್ಪಿನೊಳಗೆ ಲೆಕ್ಕ ಮಾಡುವ ಕೋರ್‌ಗಳ ಸಂಖ್ಯೆಯನ್ನು ಹೆಚ್ಚಿಸುವ ಹಾದಿ ಹಿಡಿಯಿತು. ಆ ಹಾದಿಯಲ್ಲಿ 2008ರಲ್ಲಿ ಬಂದ ಸರ್ವರ್‌ಗಳ ಆರು ಕೋರಿನ ಝಿಯಾನ್ 7400, ಅಂದರೆ ಡನ್ನಿಂಗ್ಟನ್, ವಿನ್ಯಾಸಗೊಂಡದ್ದು ನಮ್ಮ ಬೆಂಗಳೂರಿನಲ್ಲೇ.

ಅದೇ 2008ರ ಕೊನೆಗೆ ಕೋರ್ ಐ7ನೊಂದಿಗೆ ಟರ್ಬೊ ಬೂಸ್ಟ್ ಬಂತು. ಶಾಖಕ್ಕೂ ವಿದ್ಯುತ್ತಿಗೂ ಜಾಗವಿದ್ದಾಗ ಚಿಪ್ ತಾನೇ ವೇಗ ಏರಿಸಿಕೊಳ್ಳುವ ಏರ್ಪಾಡು ಅದು. ಅಂದರೆ ಮಾಡುವವರೇ ಓವರ್‌ಕ್ಲಾಕ್ ಮಾಡಿ ಕೊಡತೊಡಗಿದರು. 2010ರಿಂದ ಬೀಗ ತೆಗೆದ ಚಿಪ್‌ಗಳಿಗೆ ಹೆಸರಿನ ಕೊನೆಗೆ ಕೆ ಅಕ್ಷರ ಸೇರಿಸಿ ಹೆಚ್ಚು ಬೆಲೆಗೆ ಮಾರಿದರು. 3.3 ಗಿಗಾಹರ್ಟ್ಸ್‌ನ ಐ5 2500ಕೆಯನ್ನು 4.5ರವರೆಗೆ ಒಯ್ದವರು ಬಹಳ ಮಂದಿ, ಅದು ಈ ರೂಢಿಯ ಕೊನೆಯ ದೊಡ್ಡ ಸುಗ್ಗಿ. ಆಮೇಲೆ ಮಿಗಿಸಿಡುವ ವೇಗ ಕರಗುತ್ತ ಬಂತು. 2024ರಲ್ಲಿ ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಚಿಪ್‌ಗಳು ಕಂಪನಿಯ ಸೆಟ್ಟಿಂಗಿನಲ್ಲೇ ಅತಿಯಾದ ವೋಲ್ಟೇಜಿನಿಂದ ಹಾಳಾಗತೊಡಗಿ, ಕಂಪನಿ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಬೇಕಾಯಿತು. ಕಾರ್ಖಾನೆಯೇ ಅಂಚಿನವರೆಗೆ ಒಯ್ದ ಮೇಲೆ ಬಳಸುವವನಿಗೆ ಏನು ಉಳಿದೀತು?

ವೇಗವೊಂದೇ ಸಾಲದೆಂಬುದಕ್ಕೆ ಅತ್ಯಂತ ಬಲವಾದ ಸಾಕ್ಷಿ 2022ರದು. ಎಎಂಡಿಯ ರೈಜನ್ 7 5800ಎಕ್ಸ್3ಡಿ ತನ್ನ ಅಣ್ಣ 5800ಎಕ್ಸ್‌ಗಿಂತ ನಿಧಾನ: ಗರಿಷ್ಠ ವೇಗ 4.7ರಿಂದ 4.5 ಗಿಗಾಹರ್ಟ್ಸ್‌ಗೆ ಇಳಿದಿತ್ತು, ಗುಣಕಕ್ಕೆ ಬೀಗವೂ ಇತ್ತು. ಆದರೆ ಮೂರನೇ ಹಂತದ ಕ್ಯಾಶ್ 32 ಎಂಬಿಯಿಂದ 96ಕ್ಕೆ ಏರಿತ್ತು. ಹೆಚ್ಚಿನ ಗೇಮ್‌ಗಳಲ್ಲಿ ಗೆದ್ದದ್ದು ಈ ನಿಧಾನದ ಚಿಪ್ಪೇ. ಪ್ರೊಸೆಸರೇ ಹಿಂದೆ ಬೀಳುವ ಕಡೆಯೂ ಕೊರತೆ ಹಲವು ಸಲ ವೇಗದ್ದಲ್ಲ, ಬೇಕಾದ ಮಾಹಿತಿ ಸಮಯಕ್ಕೆ ಕೈಗೆ ಸಿಗದೆ ಕಾಯುವುದರದು. 300ಎ ಗೆದ್ದದ್ದರಲ್ಲೂ ಕ್ಯಾಶ್‌ನ ಪಾಲು ಸಣ್ಣದಲ್ಲ.

ಪಂದ್ಯದ ಆಟಗಾರರು ಇದಕ್ಕೆ ಎದುರು ಹೇಳುವುದುಂಟು. ಚಿತ್ರದ ಗುಣಮಟ್ಟ ಇಳಿಸಿ, 240 ಹರ್ಟ್ಸ್ ಮಾನಿಟರಿನಲ್ಲಿ ಆಡುವಾಗ ಕಾರ್ಡು ಹಗುರವಾಗಿ ಪ್ರೊಸೆಸರೇ ಮಿತಿಯಾಗುತ್ತದೆ ಎನ್ನುತ್ತಾರೆ. ಒಪ್ಪಬೇಕಾದ ಮಾತು; ಅಲ್ಲಿ ಈಗಲೂ ಸ್ವಲ್ಪ ಲಾಭವಿದೆ. ಆದರೆ 60 ಹರ್ಟ್ಸ್ ಮಾನಿಟರ್ ಪ್ರತಿ ಚಿತ್ರಕ್ಕೆ 16.7 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಪ್ರೊಸೆಸರ್ ತನ್ನ ಕೆಲಸವನ್ನು 8ರ ಬದಲು 7ರಲ್ಲಿ ಮುಗಿಸಿದರೆ ಆಡುವವನಿಗೆ ತಿಳಿಯುವುದಿಲ್ಲ. ಒಳ್ಳೆಯ ಕೂಲರ್ ಇದ್ದರೆ ಶಾಖ ಲೆಕ್ಕಕ್ಕಿಲ್ಲ ಎನ್ನುವ ವಾದವೂ ನಮ್ಮ ಸೀಮೆಯಲ್ಲಿ ನಿಲ್ಲದು. ಫ್ಯಾನಾಗಲಿ ನೀರಿನ ಕೂಲರಾಗಲಿ ಚಿಪ್ಪನ್ನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಹೊರದೇಶದವರು 20 ಡಿಗ್ರಿಯ ಕೋಣೆಯಲ್ಲಿ ಪಡೆದ ಫಲ ಏಪ್ರಿಲ್ಲಿನಲ್ಲಿ 35 ಡಿಗ್ರಿ ದಾಟುವ ತಿಪಟೂರಿನ ಶೀಟಿನ ಮನೆಯಲ್ಲಿ ಸಿಗುವುದಿಲ್ಲ. ಅಲ್ಲಿ ಚಿಪ್ಪೇ ತನ್ನ ಜೀವ ಉಳಿಸಿಕೊಳ್ಳಲು ವೇಗ ಇಳಿಸುತ್ತದೆ, ಏರಿಸಿದ್ದೂ ವ್ಯರ್ಥ.

ಹಾಗಾಗಿ ವೇಗ ಬದಲಿಸಲು ಬಯಾಸ್ ತೆರೆಯುವ ಮೊದಲು ಗೇಮ್ ಓಡುತ್ತಿರುವಾಗ ಗ್ರಾಫಿಕ್ಸ್ ಕಾರ್ಡು ಎಷ್ಟು ದುಡಿಯುತ್ತಿದೆ ಎಂದು ನೋಡಿ. ಅದು ಶೇ. 95ರ ಮೇಲಿದ್ದರೆ ಪ್ರೊಸೆಸರಿನ ತಂಟೆಗೆ ಹೋಗಬೇಡಿ. ಫ್ಯಾನಿನ ದೂಳು ತೆಗೆಯಿರಿ, ಒಂದೇ ರ‍್ಯಾಮ್ ಕಡ್ಡಿ ಇದ್ದರೆ ಜೊತೆಗೆ ಇನ್ನೊಂದು ಹಾಕಿ, ಕೂಲರಿಗೆ ಸುರಿಯಬೇಕೆಂದಿದ್ದ ಹಣವನ್ನು ಕಾರ್ಡಿಗೆ ಕೂಡಿಡಿ.