ಆಟಿಸಂ: ಸಂಶೋಧನೆಯಿಂದ ಅಂಗನವಾಡಿಯವರೆಗೆ

ಆಟಿಸಂ ಮಿದುಳಿನ ಬೆಳವಣಿಗೆಯಲ್ಲಿನ ಭಿನ್ನತೆ. ಹೆಸರು ಹಿಡಿದು ಕರೆದರೂ ತಿರುಗದಿರುವುದು, ಬೇಕಾದುದನ್ನು ಬೆರಳು ಮಾಡಿ ತೋರಿಸದಿರುವುದು ಆರಂಭಿಕ ಸುಳಿವುಗಳು. 18ರಿಂದ 24 ತಿಂಗಳ ವಯಸ್ಸಿನಲ್ಲೇ ಇವುಗಳನ್ನು ಗಮನಿಸಬೇಕೆಂಬುದು ತಜ್ಞರ ಸಲಹೆ. ‘ಗಂಡುಹುಡುಗರು ಮಾತಾಡುವುದೇ ತಡ’ ಎಂಬ ಸಮಾಧಾನದಲ್ಲಿ ಆ ಅವಧಿ ಕಳೆದುಹೋಗುತ್ತದೆ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ಸಂಚಾರಿ ವೈದ್ಯ ತಂಡಗಳು ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಬಾರಿ ತಪಾಸಣೆ ಮಾಡಬೇಕು. ಪಟ್ಟಿಯಲ್ಲಿ ಆಟಿಸಂ ಸಹ ಇದೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಹಳ್ಳಿಗಳಲ್ಲಿ ಸಂಶೋಧನೆ ಮಗುವನ್ನು ತಲುಪಬಲ್ಲ ಬಾಗಿಲು ಇದೇ.

ಗುರುತಿಸಿದ ನಂತರದ ತೊಡಕು ಬೇರೆ. ವಾರವಾರ ಗದಗ-ಬೆಟಗೇರಿಗೆ ಬಂದುಹೋಗುವುದು ಕೂಲಿ ಕುಟುಂಬಕ್ಕೆ ಆಗದ ಮಾತು. ನೆರೆಯ ಗೋವಾ ಹಾಗೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 65 ಮಕ್ಕಳ ಮೇಲೆ ನಡೆದು, 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ತಜ್ಞರಲ್ಲದ ಆರೋಗ್ಯ ಕಾರ್ಯಕರ್ತರೇ ಪೋಷಕರಿಗೆ ತರಬೇತಿ ನೀಡಿದರು. ಪೋಷಕರೊಡನೆ ತಾವಾಗಿಯೇ ಸಂವಹನಕ್ಕೆ ತೊಡಗುವುದು ಮಕ್ಕಳಲ್ಲಿ ಹೆಚ್ಚಿತು. ಪ್ರಯೋಗ ಚಿಕ್ಕದು, ನಿಜ. ಆದರೆ ಆ ತರಬೇತಿಗೆ ದೊಡ್ಡಾಸ್ಪತ್ರೆ ಬೇಕಾಗಲಿಲ್ಲ.