ಮನೆಯ ತಂತಿ, ಮನೆಯೊಡೆಯನ ಕೈ



ಕೆಟ್ಟುಹೋದ ಇಸ್ತ್ರಿ ಪೆಟ್ಟಿಗೆಯನ್ನು ಬಿಚ್ಚಿ ತಾನೇ ಹೊಸ ತಂತಿಯನ್ನು ಹೂಡಿಕೊಳ್ಳುವುದು ಮನೆಯ ಯಜಮಾನನ ಹಕ್ಕೋ, ಅಪರಾಧವೋ? ಪ್ರಶ್ನೆ ಸಣ್ಣದೆಂದು ತೋರಿದರೂ ಅದರ ಚರಿತ್ರೆ ದೀರ್ಘವಾದುದು.

ಈ ವಿಷಯದಲ್ಲಿ ಮೊದಲು ಎಚ್ಚೆತ್ತವರಲ್ಲಿ ಬೆಂಕಿಯ ನಷ್ಟಕ್ಕೆ ಹಣ ತೆರಬೇಕಾಗಿದ್ದ ವಿಮೆಯವರು ಮುಖ್ಯರು. 1882ರಲ್ಲಿ ಲಂಡನ್ನಿನ ಫೀನಿಕ್ಸ್ ಅಗ್ನಿವಿಮಾ ಸಂಸ್ಥೆಯ ಎಂಜಿನಿಯರಾದ ಮಸ್‌ಗ್ರೇವ್ ಹೀಫಿಯವರು ವಿದ್ಯುದ್ದೀಪಗಳ ಜೋಡಣೆಗೆ ನಿಯಮಗಳನ್ನು ರಚಿಸಿದರು. ಅದೇ ವರ್ಷ ಜೂನ್ ತಿಂಗಳಲ್ಲಿ ಅಲ್ಲಿಯ ಎಂಜಿನಿಯರುಗಳ ಸಂಘವೂ ತನ್ನ ನಿಯಮಗಳನ್ನು ಹೊರಡಿಸಿತು; ಅವುಗಳ ಶಿರೋನಾಮೆಯಲ್ಲಿಯೇ ಅಗ್ನಿಭಯದ ಮಾತುಂಟು. ಇಂಡಿಯಾ ದೇಶಕ್ಕೆ ವಿದ್ಯುತ್ತಿನ ಅಪಾಯವನ್ನು ಕುರಿತ ಮೊದಲ ಶಾಸನ ಬಂದದ್ದು 1887ರಲ್ಲಿ. ಬಳಿಕ 1903ರಲ್ಲೊಂದು, 1910ರಲ್ಲಿ ಮತ್ತೊಂದು.

ನಮ್ಮ ಮೈಸೂರು ಸೀಮೆಯಲ್ಲಿ 1902ರಲ್ಲಿ ಶಿವನಸಮುದ್ರದ ಶಕ್ತಿಯು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪಗಳು ಬೆಳಗಿದುವು. ಶಕ್ತಿಯು ಗಣಿಯಲ್ಲಿಯೂ ಬೀದಿಯ ಕಂಬದಲ್ಲಿಯೂ ಇರುವವರೆಗೆ ಅದನ್ನು ಮುಟ್ಟತಕ್ಕವರು ಬಲ್ಲವರೇ ಆಗಿದ್ದರು. ಅದು ಹೊಸ್ತಿಲು ದಾಟಿ ಒಳಗೆ ಬಂದಮೇಲೆ ತೊಡಕು ಮೊದಲಾಯಿತು. ತನ್ನ ಮನೆಯ ಗೋಡೆಗೆ ಮೊಳೆ ಹೊಡೆಯಲು ಯಾರ ಅಪ್ಪಣೆಯನ್ನೂ ಬೇಡದವನು ತಂತಿ ಎಳೆಯುವುದಕ್ಕೆ ಮಾತ್ರ ಏಕೆ ಬೇಡಬೇಕು?

1956ರ ಇಂಡಿಯನ್ ವಿದ್ಯುಚ್ಛಕ್ತಿ ನಿಯಮಗಳಲ್ಲಿ 45ನೆಯದು ಇದಕ್ಕೆ ಉತ್ತರವಿತ್ತಿತು. ಹೊಸ ಜೋಡಣೆಯಾಗಲಿ, ಹಳೆಯದರ ರಿಪೇರಿಯಾಗಲಿ ಸರ್ಕಾರದ ಪರವಾನಗಿ ಪಡೆದ ಕಂಟ್ರಾಕ್ಟರಿಂದಲೇ, ಅರ್ಹತಾಪತ್ರವುಳ್ಳವನ ಕಣ್ಣೆದುರಿನಲ್ಲಿಯೇ ನಡೆಯತಕ್ಕದ್ದು. ಆದರೆ ಒಂದು ವಿನಾಯಿತಿಯನ್ನಿಟ್ಟರು: ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು, ಗೃಹೋಪಕರಣ ಇವುಗಳನ್ನು ಬದಲಾಯಿಸಬಹುದು, ಜೋಡಣೆಯ ಸಾಮರ್ಥ್ಯವೂ ಸ್ವರೂಪವೂ ಬದಲಾಗಕೂಡದು. ಶಾಸನದ ಸಾರವೆಲ್ಲ ಈ ಎರಡು ಪದಗಳಲ್ಲಿದೆ. ಸುಟ್ಟ ಸ್ವಿಚ್ಚಿನ ಸ್ಥಳದಲ್ಲಿ ಅಂಥದೇ ಮತ್ತೊಂದನ್ನು ಕೂಡಿಸಿದರೆ ತಪ್ಪಲ್ಲ. ದೀಪದ ತೆಳುತಂತಿಯಿಂದ ಬಚ್ಚಲಿನ ನೀರೊಲೆಗೆ ಹೊಸ ದಾರಿ ಕೊಟ್ಟರೆ ತಪ್ಪು. ವಿವೇಕದ ಗೆರೆಯೆಂದೇ ನನ್ನ ಮತ. ಈ ಗೆರೆ 2010ರ ನಿಯಮಾವಳಿಗೂ ಇಳಿದುಬಂದಿತು.

ಆದರೂ ಈ ವಿನಾಯಿತಿಯ ಬಾಗಿಲಿನಿಂದಲೇ ನಾನೊಮ್ಮೆ ಅಪಾಯವನ್ನು ಒಳಕ್ಕೆ ಕರೆದೆ. ನಮ್ಮ ಇಸ್ತ್ರಿ ಪೆಟ್ಟಿಗೆಗೆ ಹೊಸ ಪ್ಲಗ್ಗು ಹಾಕುವಾಗ ಕೆಂಪು, ಕಪ್ಪು ತಂತಿಗಳನ್ನು ಬಿಗಿದು, ಹಸಿರು ತಂತಿಯ ತುದಿ ಮೋಟಾಗಿದ್ದುದರಿಂದ ಅದನ್ನು ಹಾಗೆಯೇ ಬಿಟ್ಟೆ. ಪೆಟ್ಟಿಗೆ ಚೆನ್ನಾಗಿಯೇ ಕಾಯಿತು! ಕಾಯುವುದಕ್ಕೂ ಹಸಿರು ತಂತಿಗೂ ಸಂಬಂಧವಿಲ್ಲವಷ್ಟೆ. ಒಳಗೆ ಸೋರಿದ ವಿದ್ಯುತ್ತು ಲೋಹಕ್ಕೆ ತಗುಲಿದರೆ ಅದನ್ನು ನೆಲಕ್ಕಿಳಿಸಿ ಫ್ಯೂಸು ಕಡಿಯುವಂತೆ ಮಾಡುವುದು ಅದರ ಕೆಲಸ. ಕೆಲವು ದಿನಗಳ ತರುವಾಯ ನನ್ನ ಸಹಧರ್ಮಿಣಿ ಒದ್ದೆನೆಲದ ಮೇಲೆ ನಿಂತು ಪೆಟ್ಟಿಗೆಯನ್ನು ಮುಟ್ಟಿ ಚೀರಿ ಕೈ ಸೆಳೆದುಕೊಂಡಳು. ಕೈ ಜುಮ್ಮೆಂದದ್ದು ಹೊರತು ಮತ್ತೇನೂ ಆಗಲಿಲ್ಲ.

ನಾನು ಮಾಡಿದ್ದು ಜೋಡಣೆಯ ಸಾಮರ್ಥ್ಯವನ್ನಾಗಲಿ ಸ್ವರೂಪವನ್ನಾಗಲಿ ಬದಲಾಯಿಸಿರಲಿಲ್ಲ. ಆ ನಿಯಮವು ನನ್ನನ್ನು ತಡೆಯುತ್ತಿರಲಿಲ್ಲ. ಮರುದಿನ ಬಂದ ಮೇಸ್ತ್ರಿಯು ಮಾತಿಲ್ಲದೆ ಹಸಿರು ತಂತಿಯನ್ನು ಉದ್ದನೆಯ ಪಿನ್ನಿಗೆ ಬಿಗಿದು, ನನ್ನ ಮುಖವನ್ನೊಮ್ಮೆ ನೋಡಿ ಹೋದನು.