ಗೇಟಿನ ಒಳಗೇ ಎಳೆದ ಗೆರೆ: ಬೆಂಗಳೂರಿನ ಸಾರ್ವಜನಿಕ ಉದ್ಯಮಗಳಲ್ಲಿ ಕಾರ್ಮಿಕ ಒಗ್ಗಟ್ಟು

1980ರ ಡಿಸೆಂಬರ್ 26ರಂದು ಬೆಂಗಳೂರಿನ ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಮತ್ತು ಬಿಇಎಂಎಲ್ ಕಾರ್ಮಿಕರು ಒಟ್ಟಾಗಿ ಕೆಲಸ ನಿಲ್ಲಿಸಿದರು. ಮತ್ತೊಂದು ಸಾರ್ವಜನಿಕ ಉದ್ಯಮವಾದ ಬಿಎಚ್‌ಇಎಲ್‌ನ ನೌಕರರಿಗೆ ಸಿಗುವ ವೇತನ ತಮಗೂ ಸಿಗಬೇಕೆಂಬುದು ಅವರ ಮುಖ್ಯ ಬೇಡಿಕೆ. ಬೇರೆ ಬೇರೆ ಯೂನಿಯನ್‌ಗಳು ಸೇರಿ ಕಟ್ಟಿದ ಜಂಟಿ ಕ್ರಿಯಾ ರಂಗ 77 ದಿನ ಮುಷ್ಕರ ನಡೆಸಿತು. ಮಾರ್ಚ್‌ನಲ್ಲಿ ಅದನ್ನು ಹಿಂತೆಗೆದಾಗ ಆ ಸಮಾನತೆ ಕೈಗೆ ಬಂದಿರಲಿಲ್ಲ. ಈ ಘಟನೆಯನ್ನು ಸೋಲಿನ ಕಥೆಯಾಗಿ ಓದುವುದೇ ರೂಢಿ. ಅಲ್ಲಿಂದಾಚೆಗೆ ನಗರದ ಸಾಮೂಹಿಕ ರಾಜಕಾರಣದಲ್ಲಿ ವರ್ಗದ ಜಾಗವನ್ನು ಭಾಷೆ ಆಕ್ರಮಿಸಿತು, ಮರುವರ್ಷವೇ ಗೋಕಾಕ್ ಚಳವಳಿ ಬೀದಿ ತುಂಬಿತು ಎಂಬ ವಾದವೂ ಇದೆ. ನನ್ನ ಗಮನ ಸೋಲಿನ ಮೇಲಲ್ಲ, ಬೇಡಿಕೆಯ ಆಕಾರದ ಮೇಲೆ. ವಿಮಾನ, ಟೆಲಿಫೋನು, ಗಡಿಯಾರ, ರೇಡಾರ್ ತಯಾರಿಸುವವರು ಒಂದೇ ವೇತನ ಕೇಳಿದ್ದು ದೊಡ್ಡ ಒಗ್ಗಟ್ಟೇ ಸರಿ. ಆದರೆ ಆ ಒಗ್ಗಟ್ಟು ಕಂಪನಿಗಳ ನಡುವಿನ ಗೋಡೆಯನ್ನು ದಾಟಿತೇ ಹೊರತು ಕಾರ್ಖಾನೆಯೊಳಗಿನ ಗೆರೆಯನ್ನು ದಾಟಲಿಲ್ಲ. ಕಾಯಂ ನೌಕರ ತನಗಿಂತ ಮೇಲಿನವನೊಡನೆ ಹೋಲಿಸಿಕೊಂಡ. ಗುತ್ತಿಗೆದಾರನ ಕೈಕೆಳಗೆ ಅದೇ ಆವರಣದಲ್ಲಿ ದುಡಿಯುವವನು ಆ ಲೆಕ್ಕಕ್ಕೆ ಬರಲಿಲ್ಲ.

ಇದೇ ನೋಟ ನಾಲ್ಕು ದಶಕಗಳ ನಂತರವೂ ಉಳಿದಿತ್ತು. 2019ರ ಅಕ್ಟೋಬರ್ 14ರಿಂದ ಎಚ್‌ಎಎಲ್‌ನ ಸುಮಾರು 20,000 ನೌಕರರು ಹೂಡಿದ ಮುಷ್ಕರದ ತಿರುಳು, 2017ರ ಜನವರಿಯಿಂದ ಬಾಕಿಯಿದ್ದ ವೇತನ ಪರಿಷ್ಕರಣೆಯಲ್ಲಿ ಅಧಿಕಾರಿಗಳಿಗೆ ಕೊಟ್ಟ ಪ್ರಮಾಣವನ್ನೇ ತಮಗೂ ಕೊಡಬೇಕೆಂಬುದು. ಬೇಡಿಕೆ ನ್ಯಾಯವಾದದ್ದೇ. ಹೈಕೋರ್ಟ್ ಆದೇಶದ ನಂತರ ಮುಷ್ಕರ ನಿಂತಿತು. 1980ರಲ್ಲಿ ಅಳತೆಗೋಲು ಬಿಎಚ್‌ಇಎಲ್, 2019ರಲ್ಲಿ ಅಧಿಕಾರಿ ವರ್ಗ. ಎರಡು ಸಲವೂ ಅದನ್ನು ಮೇಲ್ಮುಖವಾಗಿಯೇ ಹಿಡಿಯಲಾಗಿತ್ತು.

ಸಾರ್ವಜನಿಕ ಉದ್ಯಮದ ಕಾಯಂ ನೌಕರರು ಹೇಗೂ ಸವಲತ್ತಿನ ವರ್ಗ, ಅವರಿಂದ ಬೇರೇನು ನಿರೀಕ್ಷಿಸುವುದು ಎಂದು ಕೆಲವರು ಕೇಳಬಹುದು. ದೂರವಾಣಿನಗರ, ಜಾಲಹಳ್ಳಿಗಳ ಕ್ವಾರ್ಟರ್ಸ್, ಸಬ್ಸಿಡಿ ಕ್ಯಾಂಟೀನು, ಆಸ್ಪತ್ರೆ ಇವೆಲ್ಲ ಇದ್ದದ್ದು ನಿಜ. ಆದರೆ ಆ ಸವಲತ್ತುಗಳೇನೂ ಶಾಶ್ವತವಾಗಿರಲಿಲ್ಲ. 2016ರ ಜನವರಿಯಲ್ಲಿ ಎಚ್‌ಎಂಟಿಯ ಗಡಿಯಾರ ವಿಭಾಗವನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಅದೇ ವರ್ಷ ಬಿಇಎಂಎಲ್‌ನ ಶೇ 26ರಷ್ಟು ಷೇರು ಮಾರಾಟಕ್ಕೆ ತಾತ್ವಿಕ ಒಪ್ಪಿಗೆ ದೊರೆಯಿತು. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಗುತ್ತಿಗೆ ಪದ್ಧತಿ ಬೆಳೆಸಿದ್ದು ಸರ್ಕಾರ, ಆಡಳಿತ ಮಂಡಳಿ ಮತ್ತು ನ್ಯಾಯಾಲಯ, ಯೂನಿಯನ್‌ಗಳನ್ನು ದೂರುವುದೇಕೆ? 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಡಿ ಗುತ್ತಿಗೆ ನಿಷೇಧವಾದರೆ ಆ ಕಾರ್ಮಿಕರು ಮೂಲ ಮಾಲೀಕನ ನೌಕರರಾಗುತ್ತಾರೆ ಎಂದು ಏರ್ ಇಂಡಿಯಾ ಪ್ರಕರಣದಲ್ಲಿ 1996ರಲ್ಲಿ ಹೇಳಿದ್ದ ಸುಪ್ರೀಂ ಕೋರ್ಟ್, 2001ರ ಸ್ಟೀಲ್ ಅಥಾರಿಟಿ ತೀರ್ಪಿನಲ್ಲಿ ಆ ಮಾತನ್ನು ತಳ್ಳಿಹಾಕಿದ್ದು ನಿಜ. ಅಲ್ಲಿಂದ ಗುತ್ತಿಗೆಯೇ ಬರೀ ತೋರಿಕೆಯದು ಎಂದು ಕೈಗಾರಿಕಾ ನ್ಯಾಯಮಂಡಳಿಯ ಮುಂದೆ ರುಜುವಾತುಪಡಿಸುವ ಹೊರೆ ಕಾರ್ಮಿಕನ ಹೆಗಲೇರಿತು. ಆ ಹೊರೆ ಹೊರಲು ಸಾಕ್ಷ್ಯ ಬೇಕು: ಯಾರು ಕೆಲಸ ಹೇಳಿದರು, ಯಾರು ಮೇಲ್ವಿಚಾರಣೆ ಮಾಡಿದರು, ಕಾಯಂ ನೌಕರನ ಪಕ್ಕದಲ್ಲಿ ನಿಂತು ಮಾಡಿದ ಕೆಲಸ ಯಾವುದು. ಇದನ್ನು ಕಣ್ಣಾರೆ ಕಂಡವನು ಪಕ್ಕದ ಕಾಯಂ ನೌಕರನೇ. ಕಾನೂನು ಬಾಗಿಲು ಕಿರಿದಾದಷ್ಟೂ ಅವನ ಮಾತಿಗೆ ಬೆಲೆ ಹೆಚ್ಚಿತು. ಆದ್ದರಿಂದ ಕಾಯಂ ನೌಕರರ ಯೂನಿಯನ್ನು ಇಲ್ಲಿ ಕೇವಲ ಪ್ರೇಕ್ಷಕನಲ್ಲ.

2021ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಐಟಿಐ ಗೇಟಿನ ಹೊರಗೆ ಧರಣಿ ಕೂತವರು ಕೆಲಸ ನಿರಾಕರಣೆಗೊಳಗಾದ 80 ಗುತ್ತಿಗೆ ಕಾರ್ಮಿಕರು. ಯೂನಿಯನ್ ಕಟ್ಟಿದ್ದಕ್ಕೇ ಈ ಶಿಕ್ಷೆ ಎಂಬುದು ಅವರ ಆರೋಪ. ದೇಶದ ಟೆಲಿಫೋನು ತಯಾರಿಸಲೆಂದು 1948ರಲ್ಲಿ ಹುಟ್ಟಿದ, 1980ರ ಮುಷ್ಕರದ ಮುಂಚೂಣಿಯಲ್ಲಿದ್ದ ಕಾರ್ಖಾನೆಯದೇ ಗೇಟು ಅದು. ಗುತ್ತಿಗೆಯವರು ಚದುರಿಹೋದವರು, ಸಂಘಟಿತರಾಗಲಾರರು ಎನ್ನುವವರಿಗೆ ಪೌರಕಾರ್ಮಿಕರ ಉದಾಹರಣೆ ಇದೆ. ಕಂಪನಿಗಳ ನೌಕರರಿಗಿಂತ ಎಷ್ಟೋ ಪಾಲು ದುರ್ಬಲರಾದ ಅವರು, ಬಹುಪಾಲು ದಲಿತ ಮಹಿಳೆಯರು, 2022ರ ಜುಲೈನಲ್ಲಿ ಪೊರಕೆ ಕೆಳಗಿಟ್ಟು ಕಾಯಮಾತಿ ಕೇಳಿದರು. ಅದೇ ವರ್ಷ ರಾಜ್ಯ ಸಂಪುಟ ಮೊದಲ ಹಂತದಲ್ಲಿ 11,133 ಮಂದಿಯ ಕಾಯಮಾತಿಗೆ ಒಪ್ಪಿತು. ಅವರ ನಡುವೆ ಮೇಲೆ ನೋಡಿ ಅಳೆಯುವಂಥ ವೇತನ ಶ್ರೇಣಿಯೇ ಇರಲಿಲ್ಲ. ಬಹುಶಃ ಅದೇ ಅವರಿಗೆ ಅನುಕೂಲವಾಯಿತು.

2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಈ ಹಳೆಯ ಗೆರೆಗೆ ಹೊಸ ತೂಕ ಕೊಟ್ಟಿದೆ. ಮುಷ್ಕರದ ನೋಟಿಸಿನ ಷರತ್ತು ಎಲ್ಲ ಉದ್ಯಮಗಳಿಗೂ ವ್ಯಾಪಿಸಿತು ಎಂಬುದರ ಬಗ್ಗೆ ಗೇಟ್ ಮೀಟಿಂಗ್‌ಗಳಲ್ಲಿ ಚರ್ಚಿಸಲು ಕಾರಣವಿದೆ. ಅದಕ್ಕಿಂತ ಸದ್ದಿಲ್ಲದ ಷರತ್ತು ಇನ್ನೊಂದು: ಹಲವು ಯೂನಿಯನ್‌ಗಳಿರುವಲ್ಲಿ, ಸಂಸ್ಥೆಯ ಹಾಜರಿ ಪಟ್ಟಿಯಲ್ಲಿರುವ ಕಾರ್ಮಿಕರ ಪೈಕಿ ಶೇ 51ರಷ್ಟು ಜನರ ಬೆಂಬಲವಿದ್ದ ಯೂನಿಯನ್ ಮಾತ್ರ ಏಕೈಕ ಸಂಧಾನಕಾರನಾಗುತ್ತದೆ. ಗುತ್ತಿಗೆಯವನ ಹೆಸರು ಸಾಮಾನ್ಯವಾಗಿ ಆ ಪಟ್ಟಿಯಲ್ಲಲ್ಲ, ಗುತ್ತಿಗೆದಾರನ ಪುಸ್ತಕದಲ್ಲಿರುತ್ತದೆ.